ಅಕ್ಕನಿಗೊಂದು ನೀಹಾರಿಕೆ

ಚಳಿ ಆಗತಾನೇ ಹಲ್ಲು ತೋರಿಸತೊಡಗಿದ್ದ ಕಾಲ. ಬುಧವಾರ, ದೀಪ ಹಚ್ಚುವ ಹೊತ್ತಿಗೆ ಬಸ್ ಕಂಡಕ್ಟರು ತನ್ನ ಹೊಸ ಟೆಲಿಸ್ಕೋಪನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮಹಡಿ ಹತ್ತಿದ. ಹಿಂದೆಯೇ ಮೂರು ಕಾಲಿನ ಸ್ಟ್ಯಾಂಡು, ನಕ್ಷತ್ರದ ಜೊತೆ ತಾನೂ ತಿರುಗುವ ಮೋಟಾರು, ಕ್ಯಾಮೆರಾ ಎಲ್ಲ ಬಂದವು.

ಅವನನ್ನು ಸಾಕಿ ಬೆಳೆಸಿದ ಅಕ್ಕ ಮರುದಿನ ಮಗಳ ಊರಿಗೆ ಹೊರಟಿದ್ದಳು, ಇನ್ನು ಅಲ್ಲೇ ಇರುವುದಕ್ಕೆ. ಅವನು ಚಿಕ್ಕವನಿದ್ದಾಗ ಇದೇ ಮಹಡಿಯ ಮೇಲೆ ಮಲಗಿಸಿಕೊಂಡು, "ಆ ಮೂರು ನಕ್ಷತ್ರದ ಕೆಳಗೆ ನೋಡು, ಹಾಲು ಚೆಲ್ಲಿ ಒರೆಸಿದ ಹಾಗೆ ಒಂದು ಮಸುಕು" ಎಂದು ತೋರಿಸಿದವಳು ಅವಳು. ಈಗ ಅವಳಿಗೆ ದೂರದ್ದು ಕಾಣದು. ಕೈಯಲ್ಲಿರುವ ಹೆಣಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಆ ನೀಹಾರಿಕೆಯ ಫೋಟೋ ತೆಗೆದು ಅವಳ ಕೈಗಿಟ್ಟೇ ಕಳಿಸಬೇಕೆಂದು ಅವನಿಗೆ ಹಟ.

ಕತ್ತಲು ಬೇಕೆಂದು ಅಕ್ಕಪಕ್ಕದ ಮನೆಯವರನ್ನು ಬೇಡಿಕೊಂಡು ದೀಪ ಆರಿಸುವಂತೆ ಮಾಡಿದ. ಆರಿಸಿದವರೆಲ್ಲ ಮಹಡಿಗೇ ಬಂದರು.

"ಕತ್ತಲಲ್ಲಿ ಮನೇಲಿ ಕೂತು ಏನ್ಮಾಡ್ಲಪ್ಪಾ?" ಎಂದರು ನಿವೃತ್ತ ಮೇಷ್ಟ್ರು. ಅವರ ಕೈಯ ಟಾರ್ಚು ಆಕಾಶ ಬಿಟ್ಟು ಎಲ್ಲವನ್ನೂ ಬೆಳಗುತ್ತಿತ್ತು.

"ಆರಿಸಿ ಮೇಷ್ಟ್ರೇ!"

"ಆರಿಸಿದ್ರೆ ನಿನ್ನ ದುರ್ಬೀನು ಎಡವಿ ಬೀಳ್ತೀನಲ್ಲೋ!"

"ಹಿಂದಕ್ಕೆ ಸರೀರಿ, ಹಿಂದೆ ಜಾಗ ಇದೆ" ಎಂದು ಅವನು ಬಸ್ಸಿನ ಅಭ್ಯಾಸದಲ್ಲಿ ಕೂಗಿದ. ಎದುರುಮನೆ ನರ್ಸಮ್ಮ ನೀರಿನ ತೊಟ್ಟಿಯವರೆಗೆ ಸರಿದು, "ಟಿಕೆಟ್ಟೂ ತಗೋಬೇಕೇನೋ?" ಎಂದಳು.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಟೆಲಿಸ್ಕೋಪಿನ ಮೈ ಮುಟ್ಟಿ, "ಅಯ್ಯೋ, ತಣ್ಣಗೆ ಕೊರೀತಿದೆ!"

"ಇಬ್ಬನಿ ಕೂತ್ರೆ ಕಷ್ಟ ಅಕ್ಕಾ."

ಅವಳು ತನ್ನ ಕೆಂಪು ಮಫ್ಲರು ಬಿಚ್ಚಿ ಅದರ ಕೊರಳಿಗೆ ಎರಡು ಸುತ್ತು ಸುತ್ತಿದಳು. ಚಿಕ್ಕಂದಿನಲ್ಲಿ ಅವನಿಗೂ ಹೀಗೇ ಸುತ್ತುತ್ತಿದ್ದಳು.

ರಾತ್ರಿ ಆ ಮೂರು ನಕ್ಷತ್ರ ಮೇಲೇರಿದ ಮೇಲೆ ಫೋಟೋ ತೆಗೆದು, ಬೆಳಿಗ್ಗೆ ಸ್ಟುಡಿಯೋದಲ್ಲಿ ದೊಡ್ಡ ಪ್ರತಿ ಹಾಕಿಸಿದ. ಕರಿಯ ಆಕಾಶ, ಸಾಸಿವೆ ಚೆಲ್ಲಿದ ಹಾಗೆ ನಕ್ಷತ್ರ, ನಟ್ಟನಡುವೆ ನವುರಾದ ಕೆಂಪು ಮೋಡ! "ಭೇಷ್!" ಎಂದು ಮೇಷ್ಟ್ರು ಬೆನ್ನು ತಟ್ಟಿದರು. ನರ್ಸಮ್ಮ ತನಗೂ ಒಂದು ಪ್ರತಿ ಬೇಕೆಂದಳು.

ಆದರೆ ಅವನು ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಾಗ ಗುಟ್ಟು ಬಯಲಾಯಿತು. ಮೇಷ್ಟ್ರ ಭುಜ ತಾಗಿ ಟೆಲಿಸ್ಕೋಪು ಬೇರೆಲ್ಲೋ ತಿರುಗಿತ್ತು. ಗಾಜಿನ ಮೇಲೆ ಇಳಿಬಿದ್ದ ಮಫ್ಲರಿನ ಕುಚ್ಚಿಗೆ ಟಾರ್ಚಿನ ಬೆಳಕು ಬಿದ್ದು, ಅದೇ ನೀಹಾರಿಕೆಯಾಗಿತ್ತು! ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಕ್ಕ ಆಗಲೇ ಫೋಟೋವನ್ನು ಸೀರೆಗಳ ನಡುವೆ ಇಟ್ಟುಕೊಂಡಿದ್ದಳು. ಅವನು ನುಂಗಿದ.

ಬಸ್ಸಿನ ಕಿಟಕಿಯಿಂದ ಅಕ್ಕ ಅವನ ಕಿವಿ ಹಿಡಿದೆಳೆದಳು. "ಮುಂದಿನ ಚಳಿಗೆ ಹಸಿರು ಉಣ್ಣೇದು ಹೆಣೆದು ಕಳಿಸ್ತೀನಿ. ಇಂಥದೇ ಇನ್ನೊಂದು ತೆಗಿ, ಹಸಿರಲ್ಲಿ."

ಅವನ ಮುಖ ಇಂಗು ತಿಂದ ಮಂಗನದಾಯಿತು. "ಗೊತ್ತಾಗ್ಬಿಡ್ತಾ ಅಕ್ಕಾ?"

"ನಾನು ಹಾಕಿದ ಕುಚ್ಚು ನನಗೆ ಗೊತ್ತಾಗಲ್ವೇನೋ?"

"ಕೊಡು ಹಾಗಾದ್ರೆ, ನಿಜವಾದ್ದು ತೆಗೆದು ಕಳಿಸ್ತೀನಿ."

"ಕೈ ತೆಗಿಯೋ! ಆಕಾಶದ್ದು ಎಲ್ಲರಿಗೂ ಸಿಗುತ್ತೆ" ಎಂದು ಅಕ್ಕ ಚೀಲವನ್ನು ಮಡಿಲಿಗೆ ಅವುಚಿಕೊಂಡಳು.

ದಿನಕ್ಕೆ ನೂರು ಸಲ 'ರೈಟ್' ಅನ್ನುವವನು ಅವತ್ತು ಕೆಳಗೆ ನಿಂತು ಕೈ ಬೀಸಿದ. ಆ ಬಸ್ಸಿನ ಕಂಡಕ್ಟರೇ ಸೀಟಿ ಊದಿದ. ಮನೆಗೆ ಬಂದು ನೋಡಿದರೆ ಮಫ್ಲರು ಟೆಲಿಸ್ಕೋಪಿನ ಕೊರಳಲ್ಲೇ ಇತ್ತು. ಅವನೂ ಬಿಚ್ಚಲಿಲ್ಲ.