ಬೀಗರು ಬೊಂಬೆಗಳಿಗೆ ಗಂಜಿ ಹಚ್ಚಿದ್ದು

ಕಲ್ಯಾಣದುರ್ಗದ ನಮ್ಮ ಬೀಗರ ಮನೆಯಲ್ಲಿ ನಡೆದದ್ದು ಮಾಟವಲ್ಲ, ದೃಷ್ಟಿಯಲ್ಲ, ಗ್ರಹಚಾರವೂ ಅಲ್ಲ. ಇಲಿ ತಿಂದಿತು, ಅಷ್ಟೇ. ಆ ಇಲಿಗೆ ಎಲೆ ಹಾಕಿ ಬಡಿಸಿದವರು ಸ್ವತಃ ಬೀಗರೇ. ಬೀದಿಯವರೆಲ್ಲ ಸೇರಿ ನಿಂಬೆಹಣ್ಣು ಕೊಯ್ದು ನಾಲ್ಕು ದಿಕ್ಕಿಗೆ ಎಸೆದರಲ್ಲ, ಅದಷ್ಟೂ ದಂಡ. ಉಪ್ಪಿನಕಾಯಿಗಾದರೂ ಆಗುತ್ತಿತ್ತು.

ಬೀಗರು ಎಂದರೆ ನನ್ನ ಸೊಸೆಯ ಅಪ್ಪ. ಅವರಿಗೆ ಹನ್ನೊಂದು ಹೆಣ್ಣುಮಕ್ಕಳು ಎಂದರೆ ನೀವು ‘ಅಯ್ಯೋ ಪಾಪ’ ಎನ್ನುತ್ತೀರಿ. ತಡೆಯಿರಿ, ಪಾಪ ಆಮೇಲೆ. ಹೆತ್ತದ್ದು ಒಂದೇ, ಅದು ಹಿಂದೂಪುರದ ನಮ್ಮ ಮನೆ ಸೇರಿತು. ಉಳಿದ ಹತ್ತೂ ಅಂಗಡಿಯಲ್ಲಿ ಕೊಂಡದ್ದು! ಒಂದೊಂದೂ ಗೇಣಿಗಿಂತ ಒಂದಿಷ್ಟು ಉದ್ದ. ಬಂಗಾರದ ಬಣ್ಣದ ಕೂದಲು, ನನ್ನ ಹೆಬ್ಬೆರಳು ಗಾತ್ರದ ಸೊಂಟ, ಕೊಕ್ಕರೆಯ ಕಾಲು. ಫ್ಯಾಷನ್ ಬೊಂಬೆ ಅನ್ನುತ್ತಾರಂತೆ. ಅರವತ್ತು ದಾಟಿದ, ನಿಂಬೆಹಣ್ಣು ನಿಲ್ಲುವಂಥ ಮೀಸೆಯ, ಕೂಗಿದರೆ ಸೆಟ್ಟೂರಿನ ಬಸ್ಸು ನಿಲ್ಲುವಂಥ ಗಂಟಲಿನ ಗಂಡಸು ಅದನ್ನು ಕೂಡಿಡುತ್ತಾನೆ ಎಂದರೆ ನಾನು ಯಾರಿಗೆ ಮುಖ ತೋರಿಸಲಿ?

ಶುರುವಾದದ್ದು ಹೀಗೆ. ಬೀಗರು ನೇಕಾರರು. ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು, ಕಾಲುಹಲಗೆ ತುಳಿಯುತ್ತಾ ಜನ್ಮವೆಲ್ಲ ರೇಷ್ಮೆ ಸೀರೆ ನೇಯ್ದವರು. ಒಂದು ಬೆಳಿಗ್ಗೆ ಎಡಗಾಲು ಮಾತು ಕೇಳಲಿಲ್ಲ. ಡಾಕ್ಟರು ನರ ಸತ್ತಿದೆ ಎಂದರು. ಕಾಲಾಡದೆ ಗುಣಿಮಗ್ಗ ಆಡುವುದಿಲ್ಲ. ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ, ಗುಣಿಗೆ ಹಲಗೆ ಮುಚ್ಚಿದರು. ಬೀಗರು ಆ ಹಲಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ತಟ್ಟೆ ಇಟ್ಟರೆ ಉಂಡರು, ಇಡದಿದ್ದರೆ ಕೇಳಲಿಲ್ಲ. ಬೀಗಿತ್ತಿ, ಅಂದರೆ ಅವರ ಹೆಂಡತಿ, ನನಗಿಂತ ಚಿಕ್ಕವಳು, ಅತ್ತಿಗೆ ಎನ್ನುವುದನ್ನು ತೆಲುಗಿನಲ್ಲೇ ‘ವದಿನಾ’ ಅನ್ನುತ್ತಾಳೆ. “ವದಿನಾ, ಜಗಳಕ್ಕೂ ಬತ್ತಾ ಇಲ್ಲ ಕಣಮ್ಮ. ಎಷ್ಟು ಬಯ್ದ್ರೂ ಗೋಡೆ ನೋಡ್ತಾ ಕೂತವ್ರೆ. ಬಯ್ಯಾಕೆ ನಂಗೂ ಬೇಜಾರು ಬಂದ್ಬುಡ್ತು” ಎಂದು ಅತ್ತಳು. ಬಯ್ದರೂ ಬಯ್ಯಿಸಿಕೊಳ್ಳದ ಗಂಡನನ್ನು ಇಟ್ಟುಕೊಂಡು ಯಾವ ಹೆಂಗಸು ತಾನೇ ಬಾಳಿಯಾಳು?

ಆ ವರ್ಷವೇ ನಮ್ಮಿಬ್ಬರ ಮೊಮ್ಮಗಳ ಹುಟ್ಟುಹಬ್ಬಕ್ಕೆ ಯಾರೋ ಬೆಂಗಳೂರಿನಿಂದ ಮೊದಲನೇ ಬೊಂಬೆ ತಂದದ್ದು. ಮೊಮ್ಮಗಳು ಅದನ್ನು ತಾತನಿಗೆ ತೋರಿಸಲು ಕಲ್ಯಾಣದುರ್ಗಕ್ಕೆ ಒಯ್ದಳು. ಬೊಂಬೆಯ ಲಂಗ ತೊಡೆಯಿಂದ ಬಹಳ ಮೇಲಿತ್ತು. ಬೀಗರು ಗೋಡೆಯಿಂದ ಮುಖ ತಿರುಗಿಸಿ ನೋಡಿದರು.

“ಇದೇನಮ್ಮಾ, ಕೂಸು ಹಿಂಗೆ ನಿಂತೈತೆ? ಮೈಗೆ ಬಟ್ಟೆ ಇಲ್ವಾ? ತಗೊಂಬಾ ಇಲ್ಲಿ.”

“ತಾತ, ಅದು ನಂದು!”

“ನಿಂದೇ ಕಣಮ್ಮ. ಅಳತೆ ತಗೊಂಡು ಕೊಟ್ಬುಡ್ತೀನಿ.”

ಅಳತೆ ಇನ್ನೂ ಮುಗಿದಿಲ್ಲ. ಮೊಮ್ಮಗಳು ದೊಡ್ಡವಳಾದಳು, ಆ ಬೊಂಬೆಯನ್ನು ಮತ್ತೆ ಮುಟ್ಟಲಿಲ್ಲ.

ಅವತ್ತೇ ಬೀಗರು ಎದ್ದರು. ಕೋಲೂರಿಕೊಂಡು ಅಟ್ಟದ ಕೆಳಗೆ ನಿಂತು, ಅದು ಇಳಿಸು ಇದು ಇಳಿಸು ಎಂದು ಬೀಗಿತ್ತಿಯ ಪ್ರಾಣ ತಿಂದು, ಮರದ ಚೌಕಟ್ಟಿಗೆ ಮೊಳೆ ಹೊಡೆದು, ಕಾಲಿನ ಕೆಲಸವೇ ಇಲ್ಲದ ಪುಟ್ಟ ಮಗ್ಗ ಮಾಡಿದರು. ತೊಡೆಯ ಮೇಲಿಟ್ಟುಕೊಂಡು ಕೈಯಲ್ಲೇ ನೇಯುವುದು. ಮೊದಲ ಸೀರೆ ನನ್ನ ಅಂಗೈಯಗಲ. ಕೆಂಪು ಒಡಲು, ಜರಿ ಅಂಚು, ಸೆರಗಿನಲ್ಲಿ ಅಕ್ಕಿಕಾಳಿನಷ್ಟು ಮಾವಿನಕಾಯಿ. ಬೀಗಿತ್ತಿ ಅದನ್ನು ನೋಡಿ, ಉಟ್ಟಿದ್ದ ನೂಲಿನ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಇಷ್ಟು ವರ್ಷಕ್ಕೆ ನಂಗೆ ಒಂದು ರೇಷ್ಮೆ ನೇಯ್ಲಿಲ್ಲ ಈ ಮನುಷ್ಯ. ಬಂದು ಮೂರು ದಿನ ಆಗಿಲ್ಲ, ಇವಳಿಗೆ ನೇಯ್ದ!” ಎಂದಳು. ಆದರೆ ಅವತ್ತು ಮನೆಯಲ್ಲಿ ಒಳ್ಳೆ ಜಗಳ ನಡೆಯಿತು. ಬೀಗರೂ ಬಾಯಿ ಕೊಟ್ಟರು. ಬೀಗಿತ್ತಿ ನನ್ನ ಕೈ ಹಿಡಿದು, “ಬಾಯಿ ಬಂತು ವದಿನಾ!” ಎಂದಳು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬೀಗರನ್ನು ಕುರಿತು ಬರೆಯುವ ಕರ್ಮ ನನಗೇಕೆ ಬರುತ್ತಿತ್ತು? ಒಂದಾಯಿತು, ಜೊತೆಗಿರಲಿ ಎಂದು ಎರಡಾಯಿತು. ಬೆಂಗಳೂರಿಗೆ ಹೋಗುವವರು ಕಲ್ಯಾಣದುರ್ಗದ ಆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟರು. ಕಂಡರೆ “ಬರುವಾಗ ಒಂದು ಹೆಣ್ಣು ತಗೊಂಬನ್ನಿ” ಎಂದು ಬೀಗರು ಜಗಲಿಯಿಂದಲೇ ಕೂಗುತ್ತಿದ್ದರು. ಹೊಸಬರು ಕೇಳಿ ಏನು ತಿಳಿದುಕೊಳ್ಳಬೇಕು!

ನನಗೋ ಎಲ್ಲವೂ ಒಂದೇ ಮುಖ. ಹಾಗೆಂದು ಬೀಗರೆದುರು ಬಾಯಿ ತಪ್ಪಿ ಆಡಿಬಿಟ್ಟೆ. ಅವರಿಗೆ ನಾನು ಬೀಗಿತ್ತಮ್ಮ.

“ಏನಂದ್ರಿ ಬೀಗಿತ್ತಮ್ಮ? ಸರಿಯಾಗಿ ನೋಡಿ. ಇವಳು ಯಾರೋ ಈಗ ತಾನೇ ಹೊಗಳವ್ರೆ ಅಂತ ನಗ್ತಾವ್ಳೆ. ಇವಳು ಹೊಗಳ್ಳಿ ಅಂತ ನಗ್ತಾವ್ಳೆ.”

“ಆ ಮೂಲೆಯವಳು?”

“ಅವಳು ನಿಮ್ಮನ್ನ ನೋಡಿ ನಗ್ತಾವ್ಳೆ!”

ಇನ್ನೊಂದು ದಿನ ಬೊಂಬೆಯನ್ನು ತಿರುಗಿಸಿ ಪಾದ ತೋರಿಸಿದರು. ಹಿಮ್ಮಡಿ ಮೇಲೆತ್ತಿ, ತುದಿಗಾಲಿನಲ್ಲಿರುವ ಪಾದ. ಎತ್ತರದ ಚಪ್ಪಲಿ ಹಾಕಲೆಂದು ಹಾಗೆ ಮಾಡಿದ್ದಾರೆ, ಯಾರಿಗಾದರೂ ಗೊತ್ತಾಗುತ್ತದೆ. ಬೀಗರಿಗೆ ಮಾತ್ರ ಬೇರೆ ಗೊತ್ತಾಗಿತ್ತು. “ನೋಡಿ ಬೀಗಿತ್ತಮ್ಮ, ಇದು ಮಗ್ಗ ತುಳಿಯೋ ಕಾಲು. ಗುಣಿಗೆ ಇಳಿಬಿಟ್ರೆ ಸಾಕು, ಹಲಗೆಗೆ ಕೂತ್ಕೋತದೆ” ಎಂದು ಹೇಳಿ ತಮ್ಮ ಎಡಗಾಲನ್ನು ಕೈಯಿಂದ ಎತ್ತಿ ಆಚೆ ಸರಿಸಿಕೊಂಡರು. ನಾನು ಕಾಫಿ ಆರುತ್ತದೆ ಎಂದೆ.

ಲೇಪಾಕ್ಷಿಯ ಕಥೆಯನ್ನಂತೂ ಹೇಳಲೇಬೇಕು. ಆ ಗುಡಿಯ ಚಾವಣಿಯ ತುಂಬ ಹಳೇ ಚಿತ್ರಗಳು, ಚಿತ್ರದ ಹೆಂಗಸರಿಗೆಲ್ಲ ಒಂದಕ್ಕಿಂತ ಒಂದು ಚೆಂದದ ಸೀರೆ. ನಮ್ಮ ಮನೆಗೆ ಬಂದಿದ್ದ ಬೀಗರು ನನ್ನನ್ನೂ ಎಳೆದುಕೊಂಡು ಹೋದರು. ದೇವರಿಗೆ ಕೈ ಮುಗಿಯಲು ಎಂದುಕೊಂಡೆ. ಮಂಟಪದಲ್ಲಿ ಟವೆಲು ಹಾಸಿ ಅಂಗಾತ ಮಲಗಿದರು, ಚೀಲದಿಂದ ಒಬ್ಬಳನ್ನು ತೆಗೆದು ಎದೆಯ ಮೇಲೆ ಮಲಗಿಸಿಕೊಂಡರು. “ಯಾವ ಅಂಚು ಒಪ್ತದೆ ನೋಡ್ಕೊಳಮ್ಮ” ಎಂದು ಬೊಂಬೆಯನ್ನೇ ಕೇಳಿದರು! ಯಾತ್ರೆಗೆ ಬಂದವರು ಇವರನ್ನು ಹರಕೆ ಹೊತ್ತವರೆಂದು ತಿಳಿದು ಸುತ್ತಿಕೊಂಡು ಹೋದರು. ಒಬ್ಬಾಕೆ ಕಾಲಿನ ಬಳಿ ಬಾಳೆಹಣ್ಣು ಇಟ್ಟಳು. ನಾನು ಕಂಬದ ಹಿಂದೆ ನಿಂತು, ಇವರು ಯಾರೋ ನನಗೆ ಗೊತ್ತಿಲ್ಲ ಎಂಬ ಮುಖ ಹಾಕಿಕೊಂಡೆ. ಬೀಗರು ಎದ್ದು ಬಾಳೆಹಣ್ಣು ಸುಲಿದು, “ಬೀಗಿತ್ತಮ್ಮಾ, ಪ್ರಸಾದ!” ಎಂದು ಗುಡಿ ಅದುರುವಂತೆ ಕೂಗಿದರು.

ಗಂಡು ಬೊಂಬೆಯೂ ಒಂದು ಬಂತು. ಬೆಳುಗುಪ್ಪದ ನೆಂಟರೊಬ್ಬರು ಗೊತ್ತಾಗದೆ ತಂದುಬಿಟ್ಟರು. ಬೀಗರು ಅದರ ಸೂಟು ನೋಡಿದರು, ಹಲ್ಲು ನೋಡಿದರು. “ಹೆಣ್ಣುಮಕ್ಕಳಿರೋ ಮನೆ ಕಣಪ್ಪಾ” ಎಂದು ಅವನನ್ನು ಹೊಲಿಗೆ ಮಿಷನ್ನಿನ ಡ್ರಾಯರಿಗೆ ಹಾಕಿದರು. ಬೀಗಿತ್ತಿ ಗುಂಡಿ ಹುಡುಕಲು ಡ್ರಾಯರು ಎಳೆದಾಗಲೆಲ್ಲ ಅವನು ನಗುತ್ತಿದ್ದ.

ನನ್ನನ್ನೂ ಬಿಡುತ್ತಿರಲಿಲ್ಲ. ಕಂಡಾಗಲೆಲ್ಲ ಒಂದೇ ಮಾತು: “ಬೀಗಿತ್ತಮ್ಮಾ, ಈ ವಯಸ್ಸಿಗೂ ನಿಮ್ಮ ತುರುಬು ತೆಂಗಿನಕಾಯಿ ಆದಂಗೈತಲ್ಲ! ಏನು ಎಣ್ಣೆ?” ನಾನು ಕತ್ತು ನೆಟ್ಟಗೆ ಮಾಡಿ, “ನಮ್ಮ ವಂಶವೇ ಹಂಗೆ ಬೀಗ್ರೆ” ಎನ್ನುತ್ತಿದ್ದೆ. ನಿಮಗೆ ಮಾತ್ರ ಹೇಳುತ್ತೇನೆ: ಕಾಯಿಯಲ್ಲಿ ಮುಕ್ಕಾಲು ಚೌರಿ. ಪ್ರಾಯದಲ್ಲಿ ಬಾಚಣಿಗೆಗೆ ಬಂದ ಕೂದಲನ್ನೆಲ್ಲ ಸುತ್ತಿ ಸುತ್ತಿ ಗೋಡೆಯ ಸಂದಿಯಲ್ಲಿ ಕೂಡಿಟ್ಟು, ಕಟ್ಟಿಸಿಕೊಂಡ ಕಪ್ಪು ಚೌರಿ. ನನ್ನ ಸೊಸೆಗೂ ಗೊತ್ತಿರಲಿಲ್ಲ. ಬೀಗರಿಗೆ ಗೊತ್ತಾದರೆ ಬಸ್‌ಸ್ಟ್ಯಾಂಡಿನಲ್ಲಿ ಕೂಗಿಯಾರು ಎಂಬ ಹೆದರಿಕೆ ಬೇರೆ.

ಇನ್ನು ಗಂಜಿಯ ವಿಷಯ. ಬೊಂಬೆಯ ಕೂದಲು ಸಿಕ್ಕುಗಟ್ಟುತ್ತದೆ. ಸಿಕ್ಕು ಬಿಡಿಸಲು ಲೋಕದಲ್ಲಿ ಎಣ್ಣೆಯಿದೆ, ಸೀಗೆಯಿದೆ. ನೇಕಾರನಿಗೆ ಇರುವುದು ಒಂದೇ ದಾರಿ. ಮಗ್ಗಕ್ಕೆ ಏರಿಸುವ ಮುನ್ನ ಉದ್ದೆಳೆಗಳಿಗೆ ಗಂಜಿ ಹಚ್ಚಿ, ಕುಂಚದಲ್ಲಿ ತೀಡಿ, ಎಳೆದು ಕಟ್ಟಿ ಒಣಗಿಸಿದರೆ ಎಳೆ ಹುರಿಯಾಗಿ, ನೆಟ್ಟಗೆ, ಮಿರಮಿರ ಎನ್ನುತ್ತದೆ. ಬೀಗರು ಹತ್ತೂ ಜನಕ್ಕೆ ಅದನ್ನೇ ಮಾಡಿದರು. ಅನ್ನದ ಗಂಜಿ ಹಚ್ಚಿ, ತೀಡಿ, ಕೂದಲಿನ ತುದಿಯನ್ನು ಹಗ್ಗಕ್ಕೆ ಕಟ್ಟಿ ಸಾಲಾಗಿ ನೇತುಹಾಕಿದರು. ಬೆಳಿಗ್ಗೆ ಹಾಲಿನವಳು ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಚೊಂಬು ಅಲ್ಲೇ ಬಿತ್ತು. ಅವತ್ತಿನಿಂದ ಹಾಲು ಬೀದಿಯ ತುದಿಗೇ. ಬೇಕಾದವರು ಬಂದು ಒಯ್ಯಬೇಕು.

ಆದರೆ ಕೂದಲು ಮಿಂಚಿದ್ದು ಸುಳ್ಳಲ್ಲ. ಬೀಗರು ಅವರನ್ನು ಬೀರುವಿನಲ್ಲಿ ನಿಲ್ಲಿಸಿ, ಮೊಮ್ಮಗಳು ಮೈನೆರೆದ ಆರತಿಗೆಂದು ಹೆಂಡತಿಯ ಜೊತೆ ಹಿಂದೂಪುರಕ್ಕೆ ಬಂದರು. ನಾಲ್ಕು ದಿನವೂ ಅದೇ ಮಾತು. ಬಂದವರನ್ನೆಲ್ಲ ಹಿಡಿದು, “ಮಗ್ಗದ ಎಳೆಗೆ ಹಚ್ಚೋ ಗಂಜಿ ಕಣ್ರೀ. ನೂರು ವರ್ಷ ಸಿಕ್ಕಾಗಾಕಿಲ್ಲ” ಎಂದರು. ಸಿಕ್ಕಾಗಲಿಲ್ಲ, ನಿಜ. ಸಿಕ್ಕಾಗಲು ಕೂದಲಿದ್ದರೆ ತಾನೇ?

ಬೀರುವಿನ ಹಿಂದೆ ತೂತಿತ್ತು. ಗಂಜಿಯ ವಾಸನೆಗೆ ಇಲಿ ಬಂದವು. ಗಂಜಿ ತಿಂದವು, ಕೂದಲನ್ನು ಬುಡದವರೆಗೆ ಕತ್ತರಿಸಿ ಒಯ್ದವು. ಬೀಗರು ಊರಿಗೆ ಹಿಂತಿರುಗಿ ಬೀರುವಿನ ಬಾಗಿಲು ತೆಗೆದರೆ ಹತ್ತು ಹೆಣ್ಣುಗಳು, ಮೈಮೇಲೆ ಜರಿ ಸೀರೆ, ಬೋಳು ತಲೆ! ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ದೊಡ್ಡ ಸಂಸಾರದಂತೆ, ಎಲ್ಲರೂ ಹಾಗೇ ನಗುತ್ತಾ ನಿಂತಿದ್ದರಂತೆ. ಡ್ರಾಯರಿನ ಆ ಗಂಡಿಗೆ ಮಾತ್ರ ಏನೂ ಆಗಿರಲಿಲ್ಲ. ಅವನ ಕೂದಲು ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದದ್ದು.

ಬೀಗಿತ್ತಿ ಪಕ್ಕದ ಅಂಗಡಿಯಿಂದ ಫೋನು ಮಾಡಿಸಿದಳು. “ವದಿನಾ, ತಿರುಗಿ ಗೋಡೆಗೆ ಕೂತ್ಕೊಂಡ್ಬುಟ್ಟವ್ರೆ.” ಅಷ್ಟೇ ಹೇಳಿದಳು. ಅವಳು ಅಳದಿದ್ದದ್ದಕ್ಕೇ ನನಗೆ ಭಯವಾಯಿತು. ಹೊಸ ಬೊಂಬೆಯೊಂದನ್ನು ತರಿಸಿಕೊಂಡು ಹೊರಟೆ.

ಹೋದರೆ ಮನೆಯಲ್ಲಿ ಸದ್ದಿಲ್ಲ. ಪುಟ್ಟ ಮಗ್ಗವನ್ನು ಬಿಚ್ಚಿ ಕಡ್ಡಿಗಳನ್ನು ಕಟ್ಟಿ ಒಲೆಯ ಪಕ್ಕ ಇಟ್ಟಿದ್ದರು, ಸೌದೆಯ ಜೊತೆಗೆ. ಗುಣಿಯ ಹಲಗೆಯಡಿ ಕಿಚಕಿಚ ಕೇಳಿತು, ಬೀಗರನ್ನು ಎಬ್ಬಿಸಿ ಹಲಗೆ ಎತ್ತಿ ನೋಡಿದೆ. ಬಂಗಾರದ ಕೂದಲಿನ ಗೂಡು. ಅದರೊಳಗೆ ಕಣ್ಣು ಬಿಡದ ಇಲಿಮರಿಗಳು, ರಾಜಕುಮಾರರ ಹಾಗೆ ಮಲಗಿದ್ದವು. ಬೇರೆ ದಿನವಾಗಿದ್ದರೆ ಬೀಗರೇ ಮೊದಲು ನಗುತ್ತಿದ್ದರು. ಅವರು ನೋಡಿ ಮತ್ತೆ ಕೂತರು.

ಹೊಸ ಬೊಂಬೆಯನ್ನು ಮುಂದಿಟ್ಟೆ. ಮುಟ್ಟಲಿಲ್ಲ.

“ಇರೋ ಮಕ್ಕಳ ತಲೆ ಬೋಳಾಗೈತೆ. ಹೊಸಬಳನ್ನ ಸಿಂಗರಿಸ್ಲಾ ಬೀಗಿತ್ತಮ್ಮ?”

“ಬೊಂಬೆ ಬೀಗ್ರೆ ಅವು. ಪ್ಲಾಸ್ಟಿಕ್ಕು.”

“ಗೊತ್ತು.” ಅಂಗೈ ಬಿಡಿಸಿ ನೋಡಿಕೊಂಡರು. “ಕಾಲು ಹೋದಾಗ ದೇವರನ್ನ ಬಯ್ದೆ. ಮನಸ್ಸು ಹಗುರಾಯ್ತು. ಇದು ನನ್ನ ಕೈಯಾರೆ ಆದದ್ದು. ಗಂಜಿ ಹಚ್ಚಿದ್ದು ನಾನೇ, ಇದೇ ಕೈ. ಕೈಯೂ ಕಾಲಿನಂಗೆ ಆಗೋಯ್ತು ಅಂದ್ಕೊಳ್ಳಿ. ಇನ್ನು ನೇಯಾಕಿಲ್ಲ.”

ಬೀಗಿತ್ತಿ ತಟ್ಟೆ ಇಟ್ಟಳು. ಅವರು ಉಣ್ಣಲಿಲ್ಲ. ಅವಳು ಬಯ್ಯಲಿಲ್ಲ. ಆ ಮನೆಯಲ್ಲಿ ನಾನು ಅಂಥ ಊಟ ಉಂಡದ್ದೇ ಇಲ್ಲ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಯಾರಿಗೂ ಹೇಳಿದವಳಲ್ಲ, ನನಗೆ ಯಾರೂ ಹೇಳಿದವರಲ್ಲ. ಚಾಪೆ ಹಾಸಿ ಮಲಗಿದೆ.

ಮಾರನೇ ಬೆಳಿಗ್ಗೆ ಮುಖ ತೊಳೆದು ಬಂದು, ಬೀಗರ ಎದುರಿಗೇ, ಗೋಡೆಗೂ ಅವರಿಗೂ ನಡುವೆ ಕೂತೆ. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ. ಚೌರಿಯನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡೆ. ತಲೆಯಲ್ಲಿ ಉಳಿದದ್ದು ನೆಲ್ಲಿಕಾಯಿ ಗಾತ್ರದ ಬಿಳಿ ಗಂಟು. ಬೀಗಿತ್ತಿ ಬಾಗಿಲಲ್ಲಿ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಳು.

ಬೀಗರು ಕಣ್ಣು ಬಿಟ್ಟುಕೊಂಡು ನೋಡಿದರು. “ಬೀಗಿತ್ತಮ್ಮಾ, ಇದು...”

“ಹೂಂ, ಚೌರಿ. ನೋಡಿದ್ದಾಯ್ತಲ್ಲ? ಊರಿಗೆಲ್ಲ ಕೂಗಿ ಬೇಕಾದ್ರೆ. ಮೊದಲು ಸೂಜಿ ತಗೊಂಬನ್ನಿ.”

ಅವರು ಕೈ ಚಾಚಿ ಒಂದೆಳೆ ತೆಗೆದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದು, ಬೆಳಕಿಗೆ ಹಿಡಿದು, ನೂಲು ನೋಡುವ ಹಾಗೆ ನೋಡಿದರು. “ಎಳೆ ಗಟ್ಟಿಯಾಗೈತೆ” ಎಂದರು. ಆಮೇಲೆ ಕೋಲು ಹುಡುಕಿದರು.

ಅವರು ಸೂಜಿ ಹಿಡಿದು ಬರುವಷ್ಟರಲ್ಲಿ ನಾನು ಮೊದಲನೆಯವಳನ್ನು, ಮೊಮ್ಮಗಳ ಅಳತೆ ಮುಗಿಯದ ಆ ಬೊಂಬೆಯನ್ನು, ಮಡಿಲಲ್ಲಿ ಮಲಗಿಸಿಕೊಂಡಿದ್ದೆ. ಬೋಳು ತಲೆ ರಬ್ಬರಿನಂತೆ ಮೆತ್ತಗಿತ್ತು. “ಎಣ್ಣೆ ಹಚ್ಚಿ, ಹೂವು ಮುಡಿಸಿ, ಏನಾದ್ರೂ ಮಾಡ್ಕೊಳ್ಳಿ. ಗಂಜಿ ಹಚ್ಚಿದ್ರೆ ಮಾತ್ರ ನಿಮ್ಮ ಮೀಸೇನೂ ಕಿತ್ತು ಇವಳ ತಲೆಗೆ ಹೊಲೀತೀನಿ” ಎಂದು ಹೇಳಿ, ನೆತ್ತಿಯ ನಡುವಿನಿಂದ ಶುರು ಮಾಡಿದೆ.