ಮಾವನ ಇಂಟಿಪೇರು ಪುರಾಣ

ನನ್ನ ಸೋದರಮಾವನ ಕಣ್ಣಿಗೆ ಮನುಷ್ಯರು ಕಾಣುವುದೇ ಇಲ್ಲ! ಕನ್ನಡಕ ಬದಲಾಯಿಸಿದರೆ ಸರಿಹೋಗುವ ತೊಂದರೆಯಲ್ಲ ಇದು. ಎದುರಿಗೆ ಬಂದು ನಿಂತವರು ನಗುತ್ತಿದ್ದಾರೋ, ಅಳುತ್ತಿದ್ದಾರೋ, ಬಿಸಿಲಿನಲ್ಲಿ ಬಂದು ನೀರು ಕೇಳುತ್ತಿದ್ದಾರೋ ಅವನಿಗೆ ಬೇಕಿಲ್ಲ. ಅವನಿಗೆ ಬೇಕಾದದ್ದು ಒಂದೇ. "ಮೀ ಇಂಟಿಪೇರೇಮಪ್ಪಾ?"

ಇಂಟಿಪೇರು ಅಂದರೆ ಮನೆತನದ ಹೆಸರು. ಕೋಲಾರದ ಕಡೆಯ ನಮಗೆಲ್ಲ ಎರಡು ನಾಲಿಗೆ. ಕನ್ನಡದಲ್ಲಿ ಓದಿ ಬರೆಯುತ್ತೇವೆ, ತೆಲುಗಿನಲ್ಲಿ ಜಗಳವಾಡುತ್ತೇವೆ. ಹೆಸರಿನ ಜೊತೆಗೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಂಟಿಸಿಕೊಂಡು ಸ್ಕೂಲು, ಬ್ಯಾಂಕು, ರೇಷನ್ ಕಾರ್ಡು ಎಲ್ಲ ದಾಟಿಬಿಡುತ್ತೇವೆ. ಇಂಟಿಪೇರು ಮಾತ್ರ ಅಟ್ಟದ ಮೇಲಿನ ಹಿತ್ತಾಳೆ ಹಂಡೆಯ ಹಾಗೆ, ಮದುವೆ ಬಂದಾಗ ಇಳಿಸುವುದು. ಒಂದೇ ಇಂಟಿಪೇರಿನವರು ಅಣ್ಣತಮ್ಮಂದಿರ ಮಕ್ಕಳು ಎಂದು ಲೆಕ್ಕ. ಅವರೊಳಗೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಉಳಿದ ದಿನಗಳಲ್ಲಿ ಅದನ್ನು ಕೇಳುವವರು ಯಾರಿದ್ದಾರೆ? ನಮ್ಮ ಮಾವನೊಬ್ಬ ಇದ್ದಾನೆ.

ದೇವರು ಅವನಿಗೆ ಇಂಥ ಹುಚ್ಚು ಕೊಟ್ಟದ್ದಲ್ಲದೆ ಅದಕ್ಕೆ ತಕ್ಕ ಅಂಗಡಿಯನ್ನೂ ಹಾಕಿಸಿಕೊಟ್ಟಿದ್ದಾನೆ. ಶ್ರೀನಿವಾಸಪುರದಲ್ಲಿ ಅವನದೊಂದು ಪ್ರಿಂಟಿಂಗ್ ಪ್ರೆಸ್ಸು. ಮಾವಿನ ಮಂಡಿಗಳ ಬಿಲ್‌ಬುಕ್ಕು, ಗೃಹಪ್ರವೇಶದ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆ. ಒಮ್ಮೆ ಒಬ್ಬರು ಮಗಳ ಮದುವೆಗೆ ಬಂಗಾರದ ಬಣ್ಣದ ಅಕ್ಷರ ಬೇಕೆಂದು ಹೇಳಿಹೋದರು. ಅವರ ಇಂಟಿಪೇರು ಗಾಜುಲ, ಅಂದರೆ ಬಳೆಯವರು. ಕಾರ್ಡು ತೆಗೆದುಕೊಳ್ಳಲು ಬಂದಾಗ ಅಕ್ಷರವೆಲ್ಲ ಹಸಿರು! "ಮದುವೆ ಹೆಣ್ಣಿಗೆ ಹಸಿರು ಬಳೆ ತೊಡಿಸಿದ ವಂಶ ಸ್ವಾಮಿ ನಿಮ್ದು, ಬಂಗಾರ ಯಾಕೆ?" ಎಂದ ಮಾವ. ಮದುವೆ ಹತ್ತಿರ ಬಂದಿತ್ತು. ಅವರು ಹಲ್ಲು ಕಚ್ಚಿಕೊಂಡು ತೆಗೆದುಕೊಂಡು ಹೋದರು. ಮದುವೆಯಲ್ಲಿ ಎಲ್ಲರೂ ಕಾರ್ಡನ್ನು ಹೊಗಳಿದರಂತೆ, ಮಾವನನ್ನು ಊಟಕ್ಕೆ ಮಾತ್ರ ಕರೆದಿರಲಿಲ್ಲ.

ತೆಲುಗಿನ ಹೆಸರುಗಳಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಮೊಬೈಲು ಬಂದ ಮೇಲೆ ಮಾವನ ಹುಚ್ಚು ಸಮುದ್ರ ದಾಟಿತು. ಬ್ಯಾಂಕಿಗೆ ಮಂಗಳೂರಿನ ಕಡೆಯ ಪೆರೇರಾ ಎನ್ನುವ ಮ್ಯಾನೇಜರು ಬಂದರು. ಮಾವ ಮೊದಲ ದಿನವೇ ಕ್ಯೂ ಬಿಟ್ಟು ಒಳಗೆ ನುಗ್ಗಿ, "ಸಾರ್, ಪೋರ್ಚುಗೀಸಲ್ಲಿ ಪೆರೇರಾ ಅಂದ್ರೆ ಪೇರ್ ಹಣ್ಣಿನ ಮರ. ನೀವು ಮರ ಸಾರ್!" ಎಂದುಬಿಟ್ಟ.

"ಹೌದಾ? ಒಳ್ಳೇದಾಯ್ತು. ನೀವೂ ಹೊರಗೆ ಹೋಗಿ ಕ್ಯೂನಲ್ಲಿ ಸ್ವಲ್ಪ ಮರದ ಥರ ನಿಂತಿರಿ" ಎಂದರು ಮ್ಯಾನೇಜರು.

ಅವನ ಜೊತೆ ಕ್ರಿಕೆಟ್ ನೋಡುವುದಂತೂ ಬೇಡವೇ ಬೇಡ. ಸ್ಮಿತ್ ಎಂದರೆ ಕಮ್ಮಾರ, ಮಿಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು, ಟೇಲರ್ ಯಾರೆಂದು ನಿಮಗೇ ಗೊತ್ತು. ಟಿವಿಯ ದನಿ ತಗ್ಗಿಸಿ ಮಾವ ತನ್ನದೇ ಕಾಮೆಂಟರಿ ಶುರುಮಾಡುತ್ತಾನೆ. "ಕಮ್ಮಾರ ಓಡಿ ಬಂದ, ಎಸೆದ! ದರ್ಜಿ ಬೀಸಿದ! ಗಿರಣಿಯೋನು ಹಿಡಿದ!" ಅಡುಗೆಮನೆಯಿಂದ ಅತ್ತೆ ಕೂಗುತ್ತಾಳೆ: "ಅದು ಮ್ಯಾಚಾ, ಸಂತೇನಾ?"

ಅತ್ತೆಯದು ಕುಟುಕು ಮಾತು. ಮಾವನ ಮನೆಯ ಇಂಟಿಪೇರು ಎದ್ದುಲ, ಅಂದರೆ ಎತ್ತಿನವರು. ಪೂರ್ವಿಕರು ಆಂಧ್ರದಿಂದ ಎತ್ತಿನ ಹಿಂಡು ಹೊಡೆದುಕೊಂಡು ಬಂದು ಇಲ್ಲಿ ನೆಲೆಸಿದರು ಎಂದು ಮಾವ ಎದೆಯುಬ್ಬಿಸಿ ಹೇಳುತ್ತಾನೆ. "ಹೊಡ್ಕೊಂಡು ಬಂದೋರು ಯಾರು, ಹೊಡೆಸ್ಕೊಂಡು ಬಂದೋರು ಯಾರು ಅಂತ ಇವರನ್ನ ನೋಡಿದ್ರೆ ನಂಗೆ ಅನುಮಾನ" ಎನ್ನುತ್ತಾಳೆ ಅತ್ತೆ. ಅವರಿಗೆ ಮಕ್ಕಳಿಲ್ಲ. ಮಾವ ಒಬ್ಬನೇ ಗಂಡುಮಗ. ಎದ್ದುಲ ಎನ್ನುವ ಹೆಸರು ನಮ್ಮ ಕಡೆ ಅವನೊಂದಿಗೇ ಮುಗಿಯುತ್ತದೆ. ಲೋಕದ ಹೆಸರುಗಳನ್ನೆಲ್ಲ ಕೆದಕುವವನು ಈ ಮಾತನ್ನು ಮಾತ್ರ ಎಂದೂ ಎತ್ತುತ್ತಿರಲಿಲ್ಲ. ನಾವೂ ಎತ್ತುತ್ತಿರಲಿಲ್ಲ.

ಪ್ರೆಸ್ಸಿನ ಪಕ್ಕದಲ್ಲಿ ಸೈಕಲ್ ಶಾಪಿನ ಖಾನ್ ಸಾಬರು. ಇಬ್ಬರದೂ ಚಡ್ಡಿ ಕಾಲದ ಸ್ನೇಹ. ಒಂದು ದಿನ ಮಾವ ಚಹಾ ಕುಡಿಯುತ್ತಾ, "ಖಾನ್ ಅಂದ್ರೆ ಮಂಗೋಲರ ಕಡೆ ದೊರೆ ಅಂತ. ನಿಮ್ಮೋರು ಮಂಗೋಲಿಯಾದಿಂದ ಕುದುರೆ ಮೇಲೆ ಬಂದಿರ್ಬೇಕು ಕಣಯ್ಯಾ" ಎಂದ. ಸಾಬರು ಪಂಕ್ಚರ್ ಹಾಕುತ್ತಾ ತಲೆಯೆತ್ತದೆ ಹೇಳಿದರು: "ಅರೆ ಭಾಯ್, ನಾನು ಹುಟ್ಟಿದ್ದು ಇಲ್ಲೇ ಸರ್ಕಾರಿ ಆಸ್ಪತ್ರೇಲಿ. ಮುಳಬಾಗಿಲು ದಾಟಿ ಆಚೆ ಹೋಗಿಲ್ಲ. ಮಂಗೋಲಿಯಾ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತೆ ಹೇಳು, ಹೋಗಿ ನಮ್ಮೋರನ್ನ ಮಾತಾಡಿಸ್ಕೊಂಡು ಬರ್ತೀನಿ."

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಚಿಕ್ಕಮ್ಮನ ಮಗಳನ್ನು ನೋಡಲು ಮಾಲೂರಿನಿಂದ ಗಂಡಿನವರು ಬಂದ ದಿನ ಯಾರೂ ನಗಲಿಲ್ಲ. ಬಂದವರ ಇಂಟಿಪೇರು ಗುರ್ರಂ, ಎಂದರೆ ಕುದುರೆ. ಗಂಡಿನ ತಂದೆ ಮೀಸೆ ತಿರುವುತ್ತಾ, ನಮ್ಮ ತಾತ ಮುತ್ತಾತಂದಿರೆಲ್ಲ ಪಾಳೆಯಗಾರರ ದಂಡಿನಲ್ಲಿ ಕುದುರೆ ಏರಿದ ಸರದಾರರು ಎಂದು ಕೊಚ್ಚಿಕೊಂಡರು. ಮಾವ ಕೇಸರಿಬಾತಿನ ತಟ್ಟೆ ಕೆಳಗಿಟ್ಟ. "ಕುದುರೆ ಏರಿದೋರ್ಗೂ ಗುರ್ರಂ ಅಂತಾರೆ, ಕುದುರೆಗೆ ಹುಲ್ಲು ಹಾಕಿದೋರ್ಗೂ ಗುರ್ರಂ ಅಂತಾರೆ. ನೀವು ಯಾವ ಪೈಕಿ?" ಎಂದು ಕೇಳಿದ. ವಿಚಾರ ತಿಳಿಯುವ ಆಸೆಯಿಂದಲೇ ಕೇಳಿದ್ದು ಪಾಪ! ಅವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಹಾಗಾಗಿ ನನ್ನನ್ನು ನೋಡಲು ನಂಗಲಿಯಿಂದ ಗಂಡಿನವರು ಬರುತ್ತಾರೆ ಎಂದಾಗ ಅಮ್ಮ ಮಾಡಿದ ಮೊದಲ ಕೆಲಸ ಮಾವನನ್ನು ತಾಯಲೂರಿನ ನಮ್ಮ ಮನೆಗೆ ಕರೆಸಿ, ದೇವರ ಮುಂದೆ ನಿಲ್ಲಿಸಿದ್ದು. "ಲೇ, ಕರ್ಪೂರ ಮುಟ್ಟಿ ಆಣೆ ಮಾಡು. ಇಂಟಿಪೇರು ಅನ್ನೋ ಮಾತು ನಿನ್ನ ಬಾಯಿಂದ ಬರ್ಕೂಡ್ದು."

"ಅಕ್ಕಾ, ಅದು ಕೇಳ್ಲೇಬೇಕಾದ್ದು ಕಣಕ್ಕಾ..."

"ಕೇಳೋರು ಬೇರೆಯವರಿದ್ದಾರೆ. ನೀನು ಬಜ್ಜಿ ತಿನ್ನು ಸಾಕು."

ಮಾವ ಬಜ್ಜಿ ತಿಂದ. ಮಾತು ಬಾಯಿಗೆ ಬಂದಾಗಲೆಲ್ಲ ಒಂದೊಂದು ಬಜ್ಜಿ ತುರುಕಿಕೊಂಡ. ಗಂಡಿನವರು ಹೋಗುವಷ್ಟರಲ್ಲಿ ತಟ್ಟೆ ಖಾಲಿ, ಮಾವನ ಕಣ್ಣಲ್ಲಿ ನೀರು. ಹುಡುಗ ನನಗೆ ಹಿಡಿಸಿದ. ನಂಗಲಿಯ ಹೈವೇ ಪಕ್ಕದಲ್ಲಿ ಲಾರಿ ಟಯರಿನ ಅಂಗಡಿ ಇಟ್ಟವನು, ಮಾತು ಕಡಿಮೆ, ನಗು ಜಾಸ್ತಿ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ನನ್ನದು ಮಾತೇ ಜಾಸ್ತಿ. ನಿಶ್ಚಿತಾರ್ಥವಾಯಿತು, ಛತ್ರ ಗೊತ್ತಾಯಿತು, ಫೋನಿನಲ್ಲಿ ನಾನು ಮಾತಾಡುವುದು ಅವನು ನಗುವುದು ಶುರುವಾಯಿತು. ಇಂಟಿಪೇರನ್ನು ಅಪ್ಪ ಕೇಳಿರುತ್ತಾರೆಂದು ಅಮ್ಮ, ಅಜ್ಜಿ ಕೇಳಿರುತ್ತಾಳೆಂದು ಅಪ್ಪ. ಅಜ್ಜಿಯಂತೂ, ಆ ಪ್ರೆಸ್ಸಿನೋನು ಇದ್ದಾನಲ್ಲ, ಅವನು ಕೇಳದೆ ಬಿಟ್ಟಿರುತ್ತಾನೆಯೇ ಎಂದು ನಿಶ್ಚಿಂತೆಯಾಗಿದ್ದಳು!

ಲಗ್ನಪತ್ರಿಕೆ ಮಾವನದೇ ಪ್ರೆಸ್ಸಿನಲ್ಲಿ ತಾನೇ? ಪ್ರೆಸ್ಸಿನವರು ಅಚ್ಚಿಗೆ ಹೋಗಬೇಕಾದ ಬರಹವನ್ನು ಮ್ಯಾಟರ್ ಎನ್ನುತ್ತಾರೆ. ಮಾವ ಖುಷಿಯಿಂದ ನಂಗಲಿಗೆ ಫೋನು ಹಚ್ಚಿದ. ಇದು ಪ್ರಶ್ನೆಯಲ್ಲ, ಮ್ಯಾಟರ್. ಆಣೆ ಮುರಿದ ಹಾಗಾಗುವುದಿಲ್ಲ. ಕೊನೆಗೂ ಕೇಳಿದ, "ಮೀ ಇಂಟಿಪೇರೇಮಂಡೀ?"

"ಚಿಂತಮಾನು" ಎಂದರು ಹುಡುಗನ ತಂದೆ.

ಚಿಂತಮಾನು ಎಂದರೆ ಹುಣಸೆಮರ. ಹುಣಸೆಮರದ ಪಕ್ಕದ ಮನೆಯವರು. ನಮ್ಮದೂ ಚಿಂತಮಾನೇ!

ಆವತ್ತು ಮಾವ ಖಾನ್ ಸಾಬರನ್ನು ಹಿಂದೆ ಕೂರಿಸಿಕೊಂಡು ಮೊಪೆಡ್ಡಿನಲ್ಲಿ ತಾಯಲೂರಿಗೆ ಬಂದ. ಅಮ್ಮ ತಟ್ಟೆ ಇಟ್ಟರೆ ಮುಟ್ಟಲಿಲ್ಲ. ವಿಷಯ ಹೇಳಿದ ಮೇಲೆ ಯಾರೂ ಮುಟ್ಟಲಿಲ್ಲ. "ಒಂದೇ ಇಂಟಿಪೇರು ಅಂದ್ರೆ ಒಂದೇ ರಕ್ತ. ಅಣ್ಣತಂಗೀಗೆ ಮದುವೆ ಮಾಡ್ತೀರಾ? ನಿಲ್ಸಿ" ಎಂದಳು ಅಜ್ಜಿ, ನನ್ನ ಅಪ್ಪನ ತಾಯಿ. ಅವಳ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಕಂಡಿಲ್ಲ. ನಂಗಲಿಯಲ್ಲೂ ಇದೇ ಗಲಾಟೆ. ಹುಡುಗ ಫೋನು ಮಾಡಿ, ಎಂದೂ ಇಲ್ಲದವನು ಅಂದು ತಾನೇ ಮೊದಲು ಮಾತಾಡಿದ: "ಹಂಗಾದ್ರೆ ಇಷ್ಟು ದಿನ ಗುಡ್‌ನೈಟ್ ಹೇಳಿದ್ದು ತಂಗೀಗಾ?" ನನಗೆ ನಗುವೂ ಬಂತು, ಅಳುವೂ ಬಂತು. ಅಳುವೇ ಗೆದ್ದಿತು.

ಎಲ್ಲರೂ ಮಾವನನ್ನು ಹಿಡಿದುಕೊಂಡರು. ಅವರ ಹುಣಸೆಮರ ಬೇರೆ, ನಮ್ಮ ಹುಣಸೆಮರ ಬೇರೆ ಎಂದು ಅಜ್ಜಿಯ ಮುಂದೆ ಒಂದು ಮಾತು ಹೇಳಲಿ, ಸಾಕು. ಹೆಸರಿನ ವಿಷಯದಲ್ಲಿ ಅವನ ಮಾತನ್ನು ಅಜ್ಜಿಯೂ ನಂಬುತ್ತಾಳೆ. ಖಾನ್ ಸಾಬರೂ ಗೋಗರೆದರು. "ಅರೆ ಭಾಯ್, ನನ್ನನ್ನ ಮಂಗೋಲಿಯಾವರೆಗೂ ಕಳಿಸೋಕೆ ಬರುತ್ತೆ, ಒಂದು ಹುಣಸೆಮರಾನ ಪಕ್ಕದೂರಿಗೆ ಹಾಕೋಕೆ ಬರಲ್ವಾ?"

"ಬರಲ್ಲ" ಎಂದ ಮಾವ. "ಕೈತಪ್ಪಿ ಅಚ್ಚಾದ್ರೆ ತಿದ್ಬೋದು. ಸುಳ್ಳು ಅಂತ ಗೊತ್ತಿದ್ದೂ ಅಚ್ಚು ಹಾಕಲ್ಲ. ಇವತ್ತು ಹೇಳ್ಬಿಟ್ರೆ, ನಾಳೆ ಇವಳ ಮನೇಲಿ ಒಂದು ಮಗು ಕೆಮ್ಮಿದ್ರೂ ಆ ಸುಳ್ಳಿಂದಲೇ ಅಂತಾರೆ."

ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನ ಹೆಸರುಗಳಿಗೆ ಬೆಂಕಿ ಬೀಳ್ಲಿ ಮಾವಾ" ಎಂದೆ. ಅವನು ನೆಲ ನೋಡುತ್ತಾ ಮೆಲ್ಲಗೆ, "ಹಂಗಾದ್ರೆ ಅವಳ್ನ ನಂಗೆ ಕೊಟ್ಬಿಡಿ" ಎಂದ.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದೇನಲ್ಲ. ಅಜ್ಜಿ ಕೋಲು ಹುಡುಕತೊಡಗಿದಳು. "ಏನ್ಲಾ, ತಲೆ ನೆರೆತದೆ, ಮನೇಲಿ ಹೆಂಡ್ತಿ ಅವಳೆ, ನಾಚ್ಕೆ ಆಗಲ್ವಾ?"

"ಅಯ್ಯೋ, ದತ್ತು ಕಣಜ್ಜೀ! ದತ್ತು!" ಮಾವ ಕೈ ಅಡ್ಡ ಹಿಡಿದು ಕೂಗಿದ.

ಆಮೇಲೆ ಬಿಡಿಸಿ ಹೇಳಿದ. ನನ್ನನ್ನು ಅವನಿಗೂ ಅತ್ತೆಗೂ ದತ್ತು ಕೊಟ್ಟರೆ ನಾನು ಚಿಂತಮಾನು ಅಲ್ಲ, ಎದ್ದುಲ. ಎದ್ದುಲದ ಹೆಣ್ಣನ್ನು ಚಿಂತಮಾನು ಗಂಡಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ಸುಳ್ಳೂ ಇಲ್ಲ. ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಹಿಂದೆ ಹೀಗೆ ಮಾಡಿದ್ದನ್ನು ತಾನೂ ನೋಡಿದ್ದೇನೆ ಎಂದಳು. ಪುರೋಹಿತರು ಫೋನಿನಲ್ಲೇ ಒಪ್ಪಿದರು. ನಂಗಲಿಯವರೂ ಒಪ್ಪಿದರು. ಹುಟ್ಟಿದ್ದು ಚಿಂತಮಾನು, ಸೇರುವುದೂ ಚಿಂತಮಾನು, ನಡುವೆ ಒಂದು ಬೆಳಿಗ್ಗೆ ಎದ್ದುಲದಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಅಷ್ಟೇ!

ಲಗ್ನಪತ್ರಿಕೆಯ ಮ್ಯಾಟರನ್ನು ಮಾವ ಹೊಸದಾಗಿ ಕೂಡಿಸಿದ. ಊರಿನವರೆಲ್ಲರ ಹೆಸರು ಅಚ್ಚು ಹಾಕಿದವನು ಕರೆಯುವವರ ಜಾಗದಲ್ಲಿ ತನ್ನ ಹೆಸರು ಹಾಕಿಕೊಂಡದ್ದು ಅದೇ ಮೊದಲು. ಬೇರೆಯವರ ಕೆಲಸವನ್ನೆಲ್ಲ ನಿಲ್ಲಿಸಿ ಆ ಒಂದು ಪ್ರೂಫನ್ನೇ ತಿದ್ದುತ್ತಾ ಕುಳಿತನಂತೆ. ಕಾರ್ಡು ಮನೆಗೆ ಬಂದಾಗ ಅಮ್ಮ ಮೇಲಿಂದ ಕೆಳಗೆ ಹುಡುಕಿದಳು. "ಹೆತ್ತೋಳು ನಾನು, ನನ್ನ ಹೆಸರೆಲ್ಲೋ?" ಇತ್ತು. ಎಲ್ಲಕ್ಕಿಂತ ಕೆಳಗೆ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ, ಖಾನ್ ಸಾಬರ ಪಕ್ಕದಲ್ಲಿ.

ಮದುವೆ ಮುಳಬಾಗಿಲಿನ ಛತ್ರದಲ್ಲಿ. ಬೆಳಿಗ್ಗೆ ಬೇಗ ದತ್ತುಶಾಸ್ತ್ರ. ನಲವತ್ತು ಹುಡುಗರನ್ನು ಗದರಿಸಿ ಕೂರಿಸುವ ಟೀಚರಮ್ಮ ನಾನು, ಅತ್ತೆಯ ತೊಡೆಯ ಮೇಲೆ ಕೂರಬೇಕಂತೆ! ಕೂತೆ. ಅತ್ತೆಗೆ ಮಂಡಿನೋವು. ಶಾಸ್ತ್ರ ಮುಗಿದ ಕೂಡಲೇ ಏಳಹೋದರೆ ಸೊಂಟ ಹಿಡಿದು, "ಇರು, ಏನವಸರ?" ಎಂದಳು. ಕುಟುಕುವ ಅತ್ತೆಯ ಬಾಯಿಂದ ಆವತ್ತು ಬಂದದ್ದು ಅದೊಂದೇ ಮಾತು. ಮಾವ ಮಾತ್ರ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು, ಅಡುಗೆಯವರು, ವಾಲಗದವರು, ಚಪ್ಪಲಿ ಕಾಯುವವನು, ಸಿಕ್ಕಸಿಕ್ಕವರನ್ನೆಲ್ಲ ಕೋಣೆಯ ಬಾಗಿಲಿಗೆ ಎಳೆದು ತಂದ. "ನಮ್ಮ ಎದ್ದುಲೋರ ಹುಡುಗಿ" ಎಂದು ತೋರಿಸಿದ. ಅವರೆಲ್ಲ ಕೈಮುಗಿದು ಹೋದರು. ಹೆಸರಿನ ಅರ್ಥವನ್ನು ಅವನು ಒಬ್ಬರಿಗೂ ಹೇಳಲಿಲ್ಲ.

ಧಾರೆಯ ಹೊತ್ತು ಬಂತು. ಮಾವ ನನ್ನ ಕೈಯನ್ನು ತೆಂಗಿನಕಾಯಿಯ ಸಮೇತ ಹುಡುಗನ ಕೈಯ ಮೇಲಿಡಬೇಕು, ಅತ್ತೆ ಗಿಂಡಿಯಿಂದ ನೀರೆರೆಯಬೇಕು. ಪುರೋಹಿತರು ಮಂತ್ರ ಮುಗಿಸಿ, "ಇಡಿ" ಎಂದರು. ಮಾವ ನನ್ನ ಕೈ ಹಿಡಿದುಕೊಂಡೇ ಇದ್ದ. ವಾಲಗ ಜೋರಾಯಿತು. ಅಕ್ಷತೆ ಹಿಡಿದು ನಿಂತವರು ಕತ್ತು ಚಾಚಿದರು.

"ಹೊತ್ತು ಮೀರುತ್ತೆ, ಹುಡುಗಿ ಕೈ ಇಡಿ ಯಜಮಾನ್ರೇ" ಎಂದು ಪುರೋಹಿತರು ದನಿಯೇರಿಸಿದರು.

"ಸ್ವಲ್ಪ ತಡೀರಿ ಸ್ವಾಮಿ" ಎಂದ ಮಾವ. "ಈಗ ತಾನೇ ಬಂದವಳೆ."

ಮುಂದೆ ನಿಂತವರು ನಕ್ಕರು. ಅತ್ತೆ ನಗಲಿಲ್ಲ. ಅವಳ ಕೈಯಲ್ಲಿದ್ದ ಗಿಂಡಿ ವಾಲಿ ನೀರು ಆಗಲೇ ನನ್ನ ಸೀರೆಯ ಮೇಲೆ ಚೆಲ್ಲುತ್ತಿತ್ತು. "ಅಪ್ಪಾ, ಇಡು" ಎಂದೆ. ಮಾವ ನನ್ನ ಮುಖವನ್ನೊಮ್ಮೆ ನೋಡಿ, ಕೈ ಇಟ್ಟ.