ಜೈತುನಬಿಯ ಪಡಸಾಲೆಯಲ್ಲಿ ಎಮ್ಮೆಗರು

ಸರ್ವರ್ ಎಂದರೆ ಒಂದು ಹಾಸ್ಟೆಲ್. ಇಷ್ಟು ಅರ್ಥವಾದ ಕೂಡಲೇ, ಆ ವಿಷಯದಲ್ಲಿ ನಾನು ಕಲಿಯಬೇಕಾದದ್ದು ಇನ್ನೇನೂ ಉಳಿದಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಹಾನಗಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಬೆಳಗಾಗುತ್ತಲೇ ಗಂಟೆ, ಸಾಲು, ಹಾಜರಿ, ನಾಷ್ಟಾ, ಮತ್ತೆ ಗಂಟೆ. ಟ್ರಂಕುಗಳೆಲ್ಲ ಗೋಡೆಯಿಂದ ಒಂದೇ ಅಳತೆಯ ದೂರದಲ್ಲಿ, ತಾಟುಗಳೆಲ್ಲ ಬೋರಲಾಗಿ. ನಿವೃತ್ತಿಯಾದ ಮೇಲೆ ಈ ಶಿಸ್ತನ್ನು ಪ್ರಯೋಗಿಸಲು ನನಗೆ ಉಳಿದವರು ನಮ್ಮ ಯಜಮಾನರೊಬ್ಬರೇ. ಫಲಿತಾಂಶ ಆಶಾದಾಯಕವಾಗಿಲ್ಲ!

ಹೀಗಿರುವಾಗ ಸರ್ವರಿನ ಪ್ರಸಂಗ ಒದಗಿ ಬಂತು. ನಾವು ನಾಲ್ವರು ಗೆಳತಿಯರು ಕೌದಿ ಹೊಲಿಯುತ್ತೇವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಉದ್ದಕ್ಕೂ ಹೊಲಿಗೆ ಹಾಕುವ ನಮ್ಮ ಕಡೆಯ ಹೊದಿಕೆ ಅದು. ಸವಣೂರಿನ ಜೈತುನಬಿ, ಶಿಗ್ಗಾಂವಿಯ ಶಾಂತಕ್ಕ, ಹಿರೇಕೆರೂರಿನ ನಿಂಗವ್ವ ಮತ್ತು ನಾನು. ಹೊಲಿಯುತ್ತೇವೆ ಎಂದೆ, ನಿಜ ಹೇಳಬೇಕೆಂದರೆ ಅವರು ಮೂವರು ಹೊಲಿಯುತ್ತಾರೆ, ಗೆರೆ ಸೊಟ್ಟಗಾದಲ್ಲಿ ನಾನು ಬೆರಳಿಟ್ಟು ತೋರಿಸುತ್ತೇನೆ.

ಹುಬ್ಬಳ್ಳಿಯಲ್ಲಿ ಕೈಕೆಲಸದ ಮೇಳವೊಂದು ನಡೆಯುವುದಿತ್ತು. ಮಳಿಗೆ ಬೇಕಾದವರು ತಮ್ಮ ಕೆಲಸದ ಫೋಟೋಗಳನ್ನು ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟು ಅದರ ವಿಳಾಸ ತಿಳಿಸಬೇಕು. ಆರಿಸುವವರು ಸೋಮವಾರ ಅಲ್ಲಿಗೆ ಹೋಗಿ ನೋಡುತ್ತಾರೆ. ನಮ್ಮ ಪೈಕಿ ಮಳಿಗೆ ಕೇಳಿದವಳು ಜೈತುನಬಿ ಒಬ್ಬಳೇ. ಅವಳ ಕೈಯ ಕೌದಿಗೆ ನಮ್ಮ ಸೀಮೆಯಲ್ಲಿ ಸಾಟಿಯಿಲ್ಲ. ಆದರೆ ಅವು ಯಾವಾಗಲೂ ಯಾರದೋ ಅಂಗಡಿಯಲ್ಲಿ, ಯಾರದೋ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು.

“ಒಮ್ಮೆರ ನನ್ನ ಹೆಸರಿನ ಬೋರ್ಡಿನ ಕೆಳಗ ಕುಂದ್ರಬೇಕು ನೋಡ್ರಿ ಅಕ್ಕಾರ,” ಎಂದಿದ್ದಳು. “ಬ್ಯಾರೆ ಏನೂ ಬ್ಯಾಡ. ಅಷ್ಟು ಆದ್ರ ಸಾಕು.”

ಅಷ್ಟು ಎಂದರೆ ಎಷ್ಟು ಎಂಬುದು ಅವಳ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. “ಫೋಟೋದ ಚಿಂತಿ ನನಗ ಬಿಡು,” ಎಂದೆ. ಅವಳು ಬಿಟ್ಟಳು. ಪಾಪ!

ಅಂತರ್ಜಾಲದಲ್ಲಿ ಸರ್ವರ್ ಬಾಡಿಗೆಗೆ ಸಿಗುತ್ತದೆ. ಎಲ್ಲೋ ದೂರದಲ್ಲಿ ಸದಾ ಎಚ್ಚರವಾಗಿರುವ ಒಂದು ಕಂಪ್ಯೂಟರ್. ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ‘ಹೋಮ್’, ಅಂದರೆ ಸ್ವಂತದ ಮನೆ ಕಟ್ಟಿಕೊಡಬಹುದು. ಪ್ರತಿ ಮನೆಗೂ ಒಂದು ಪಡಸಾಲೆ. ಅಲ್ಲಿಟ್ಟದ್ದು ಜಗತ್ತಿಗೆಲ್ಲ ಕಾಣುತ್ತದೆ. ಒಳಕೋಣೆಯಲ್ಲಿಟ್ಟದ್ದು ಮನೆಯವರಿಗೆ ಮಾತ್ರ. ಓದಿದಷ್ಟೂ ನನಗೆ ಹುರುಪು ಹೆಚ್ಚಿತು. ನಾನು ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕುಳಿತದ್ದನ್ನು ಕಂಡು ಯಜಮಾನರು ಪೇಪರ್ ಕೆಳಗಿಟ್ಟರು.

“ಬಾಡಿಗಿ ಮನಿ ಹಿಡದಿಯಂತಲ್ಲ? ನಾ ಏನ ತಪ್ಪ ಮಾಡೇನಿ?”

“ಮನಿ ಅಲ್ರಿ, ಸರ್ವರ್. ನಾಕೂ ಮಂದಿಗೆ ಒಂದೊಂದು ಮನಿ ಅದರಾಗ ಮಾಡಾಕತ್ತೇನಿ.”

“ಅಡಗಿ ಯಾರ ಮಾಡತಾರ?”

“ಯಾರೂ ಮಾಡೂದಿಲ್ಲ. ಫೋಟೋ ಅಷ್ಟ ಇಡತಾರ.”

“ಹಂಗಾರ ನಿನ್ನ ಹಾಸ್ಟೆಲ್ಲಿನ ಊಟಕ್ಕಿಂತ ಚಲೋ ಇರತೈತಿ ಬಿಡು,” ಎಂದು ಅವರು ಪೇಪರ್ ಮೇಲೆತ್ತಿಕೊಂಡರು.

ನಾನು ಮನೆಗಳನ್ನು ಕಟ್ಟಿದೆ. ಮೂವರ ಮೊಬೈಲಿಗೂ ಫೋಟೋ ಇಡುವ ಆ್ಯಪ್ ಹಾಕಿಸಿದೆ. ತರುವಾಯ ನಿವಾಸಿಗಳ ಸುವ್ಯವಸ್ಥೆಯನ್ನು ಗಮನದಲ್ಲಿರಿಸಿಕೊಂಡು ನಿಯಮಗಳನ್ನು ಹೊರಡಿಸಿದೆ. ಫೋಟೋಗಳಿಗೆಲ್ಲ ಕೌದಿ-೧, ಕೌದಿ-೨ ಎಂದು ಕ್ರಮವಾಗಿಯೇ ಹೆಸರಿಡತಕ್ಕದ್ದು. ಸರ್ವರಿನಲ್ಲಿ ಇಟ್ಟ ಮೇಲೆ ಮೊಬೈಲಿನಲ್ಲಿರುವುದನ್ನು ಅಳಿಸತಕ್ಕದ್ದು, ಏಕೆಂದರೆ ಒಂದೇ ವಸ್ತು ಎರಡು ಕಡೆ ಬಿದ್ದಿರುವುದು ಅಶಿಸ್ತು. ತಪಾಸಣೆ ಪ್ರತಿ ಸೋಮವಾರ ಬೆಳಿಗ್ಗೆ.

ಮೊದಲ ಆಕ್ಷೇಪಣೆ ಹಿರೇಕೆರೂರಿನಿಂದ ಬಂತು. ಮನೆಯ ವಿಳಾಸದಲ್ಲಿ ಹೆಸರಿನ ಹಿಂದೆ ~ ಎಂಬ ಡೊಂಕು ಗೆರೆಯೊಂದನ್ನು ಹಾಕಬೇಕು. ಅದು ಸರ್ವರಿನ ಪದ್ಧತಿ.

“ಅಕ್ಕಾರ, ನನ್ನ ಹೆಸರಿನ ಬಾಜೂಕ ಹುಳ ಹರದಾಡಾಕತ್ತೈತಲ್ರಿ,” ಎಂದಳು ನಿಂಗವ್ವ.

“ಅದು ಹುಳ ಅಲ್ಲ, ಮನಿ ಗುರುತು.”

“ನಮ್ಮ ಮನಿಗೆ ಇಂಥಾ ಗುರುತು ಇಟ್ಟವರು ಯಾರೂ ಇಲ್ಲರಿ. ಮಂದಿ ಏನ ತಿಳ್ಕೊಂಡಾರು?”

ಅವಳನ್ನು ಸಮಾಧಾನಪಡಿಸಿ ಫೋನ್ ಇಡುವಷ್ಟರಲ್ಲಿ ಜೈತುನಬಿಯ ಕರೆ. ಹೇಳಿದಂತೆ ಫೋಟೋಗಳನ್ನೆಲ್ಲ ಕ್ರಮವಾಗಿ ಇಟ್ಟಿದ್ದಳು, ಮೊಬೈಲಿನಲ್ಲಿದ್ದುದನ್ನು ಅಳಿಸಿಯೂ ಆಗಿತ್ತು. ಆಮೇಲೆ ತನ್ನ ವಿಳಾಸ ಒತ್ತಿ ನೋಡಿದರೆ, ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತಂತೆ.

“ನನ್ನ ಮನ್ಯಾಗ ನನ್ನನ್ನ ಒಳಗ ಬಿಡವಲ್ಲದರಿ ಅಕ್ಕಾರ. ನಿಮ್ಮ ಹಾಸ್ಟೆಲ್ಲಿನ ವಾಚ್‌ಮನ್ನನ್ನ ಏನರ ಕುಂದ್ರಿಸೀರೇನು?”

ವಿಚಾರಣೆ ನಡೆಸಿದಾಗ ತಪ್ಪು ತಿಳಿಯಿತು. ನಾನು ಪಡಸಾಲೆಯನ್ನೇನೋ ತೆರೆದಿದ್ದೆ, ಆದರೆ ಹೊರಬಾಗಿಲಿಗೆ ಬೀಗ ಜಡಿದಿದ್ದೆ. ಜಗತ್ತು ಪಡಸಾಲೆಗೆ ಬರಬೇಕಾದರೆ ಹೊರಬಾಗಿಲನ್ನು ದಾಟಿಯೇ ಬರಬೇಕಷ್ಟೆ! ಹಾಸ್ಟೆಲಿನಲ್ಲಿ ಇಂಥ ಸಮಸ್ಯೆ ಬಂದಿರಲಿಲ್ಲ. ಅಲ್ಲಿ ಯಾರೂ ಒಳಗೆ ಬರಬಾರದೆಂಬುದೇ ಉದ್ದೇಶವಾಗಿತ್ತು.

ಯಾರಿಗೆ ಎಷ್ಟು ಬಾಗಿಲು ಎಂಬುದನ್ನು ಸರ್ವರಿಗೆ ಮೂರು ಅಂಕಿಗಳಲ್ಲಿ ಹೇಳಬೇಕು. ಒಂದು ಅಂಕಿ ಮನೆಯ ಒಡೆಯರಿಗೆ, ಒಂದು ಅವರ ಗುಂಪಿಗೆ, ಒಂದು ಉಳಿದವರಿಗೆ. ಏಳು ಎಂದರೆ ಪೂರ್ಣ ಅಧಿಕಾರ: ಬರಬಹುದು, ನೋಡಬಹುದು, ಇಡಬಹುದು, ತೆಗೆಯಬಹುದು. ಅಪರಿಚಿತರಿಗೆ ಬರಲು, ನೋಡಲು ಬಿಟ್ಟಿದ್ದರೆ ಸಾಕಿತ್ತು. ಆದರೆ ಲೆಕ್ಕ ಹಾಕುತ್ತಾ ಕುಳಿತಾಗ ನನಗೆ ಬೇರೆಯೇ ಯೋಚನೆ ಬಂತು. ನಮ್ಮ ಮನೆಗಳಲ್ಲಿ ಯಾರು ಪಡಸಾಲೆಯಲ್ಲಿ ಕೂರಬೇಕು, ಯಾರು ಸೀದಾ ಒಲೆಯ ಮುಂದೆ ಬಂದು ಕೂರಬಹುದು ಎಂದು ಯಾರೂ ಬರೆದಿಟ್ಟಿಲ್ಲ. ಬಂದವರಿಗೂ ಗೊತ್ತು, ಮನೆಯವರಿಗೂ ಗೊತ್ತು. ಅಂಥದ್ದರಲ್ಲಿ ನಿಂಗವ್ವ ಜೈತುನಬಿಯ ಮನೆಗೆ ಹೋದರೆ, ನಿನಗೆ ಇಷ್ಟೇ ಅಧಿಕಾರ ಎಂದು ನಾನು ಅಂಕಿ ಹಾಕಿ ನಿಲ್ಲಿಸುವುದೇ? ಜೀವನದಲ್ಲಿ ಮೊದಲ ಬಾರಿಗೆ ನಾನು ಉದಾರಿಯಾದೆ. ಎಲ್ಲ ಮನೆಗಳಿಗೂ ಏಳು, ಏಳು, ಏಳು! ಮೊದಲ ಬಾರಿಗೆ ಮಾಡಿದ ಕೆಲಸ ಹೇಗಿರುತ್ತದೆಯೋ ಹಾಗೇ ಆಯಿತು.

ಬಾಗಿಲು ತೆರೆಯಿತು. ಜೈತುನಬಿಯ ಕೌದಿಗಳು ಪರದೆಯ ಮೇಲೆ ಒಂದೊಂದಾಗಿ ಬಂದವು. ಮೊದಲನೆಯದರಲ್ಲಿ ನಡುವೆ ಇಳಕಲ್ ಸೀರೆಯ ಕೆಂಪು ಸೆರಗು, ಸುತ್ತಲೂ ಇರುವೆ ಸಾಲಿನಂಥ ಬಿಳಿ ಹೊಲಿಗೆ. ನಾನು ಬೆರಳಿಡಲು ಒಂದು ಸೊಟ್ಟ ಗೆರೆಯನ್ನು ಬಹಳ ಹೊತ್ತು ಹುಡುಕಿದೆ. ಸಿಗಲಿಲ್ಲ. ವಿಳಾಸವನ್ನು ಮೇಳದವರಿಗೆ ಕಳಿಸಿ, ನೆಮ್ಮದಿಯಿಂದ ಮಲಗಿದೆ. ಮುಂದೆ ಶನಿವಾರ, ಭಾನುವಾರ ಬಂದವು. ನಾನು ಸರ್ವರಿನತ್ತ ಇಣುಕಲಿಲ್ಲ. ತಪಾಸಣೆ ಸೋಮವಾರವಲ್ಲವೇ?

ಸೋಮವಾರ ತಪಾಸಣೆಗೆ ಕೂರುವ ಮೊದಲೇ ಹುಬ್ಬಳ್ಳಿಯಿಂದ ಫೋನ್ ಬಂತು. ಮೇಳದ ಮೇಡಂ. ಬಹಳ ಸೌಜನ್ಯದ ಧ್ವನಿ.

“ನಮಸ್ಕಾರ ಮೇಡಂ. ಜೈತುನಬಿಯವರ ಪುಟ ನೋಡಿದೆವು. ಕರು ಚೆನ್ನಾಗಿದೆ.”

“ಕರು?”

“ಎಮ್ಮೆಗರು. ಮೈಕಟ್ಟು ಕೂಡ ಚೆನ್ನಾಗಿದೆ. ಆದರೆ ನಮ್ಮದು ಜಾನುವಾರು ಮೇಳ ಅಲ್ಲ ಮೇಡಂ.”

ಕಂಪ್ಯೂಟರ್ ತೆರೆದೆ. ಜೈತುನಬಿಯ ಪಡಸಾಲೆಯ ನಟ್ಟನಡುವೆ, ಕೌದಿ-೧ ಎಂಬ ಹೆಸರಿನಡಿ, ಎಮ್ಮೆಗರುವೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಕೌದಿ-೨ ಶೇಂಗಾ ಚಟ್ನಿಯಾಗಿತ್ತು. ಕೌದಿ-೩ ಒಂದು ಬುಟ್ಟಿ ಬದನೆಕಾಯಿ. ಉಳಿದವುಗಳೂ ಹೀಗೇ ತಿನ್ನುವ ಪದಾರ್ಥಗಳು. ಕೌದಿ ಮಾತ್ರ ಒಂದೂ ಇಲ್ಲ!

“ಇವತ್ತು ಸಂಜೆವರೆಗೆ ಕಾಯುತ್ತೇವೆ,” ಎಂದರು ಮೇಡಂ. “ಬೇಕಿದ್ದರೆ ನನ್ನ ಈ ನಂಬರಿಗೇ ಫೋಟೋ ಕಳಿಸಿಬಿಡಿ.”

“ಇಲ್ಲ ಇಲ್ಲ,” ಎಂದೆ ನಾನು, ಬೆನ್ನು ನೇರ ಮಾಡಿಕೊಂಡು. “ನಮ್ಮಲ್ಲಿ ಅದಕ್ಕೊಂದು ವ್ಯವಸ್ಥೆ ಇದೆ.”

ನಿಂಗವ್ವನಿಗೂ ಶಾಂತಕ್ಕನಿಗೂ ಒಟ್ಟಿಗೇ ಫೋನ್ ಹಚ್ಚಿ ಕೇಳಿದೆ: “ಜೈತುನಬಿ ಮನ್ಯಾಗ ಎಮ್ಮಿ ಕರಾ ಕಟ್ಟಿದವರು ಯಾರು?”

“ನಾನ ರೀ,” ಎಂದಳು ನಿಂಗವ್ವ, ಮೆಚ್ಚುಗೆ ನಿರೀಕ್ಷಿಸುವ ಧ್ವನಿಯಲ್ಲಿ. “ಆಕಿ ಕೌದಿ ಅಂಚಿನ ಡಿಜೈನ್ ಭಾಳ ಚಂದ ಇತ್ತು, ನೋಡಿ ಒಂದು ಹಾಳಿ ಮ್ಯಾಲೆ ಬರಕೊಂಡ್ನಿ. ಆಕಿ ಮನಿಯಿಂದ ತಗೊಂಡು ಸುಮ್ಮನ ಹೆಂಗ ಬರೂದ್ರಿ? ನಮ್ಮ ಎಮ್ಮಿ ಮೊನ್ನೆ ಈದೈತಿ. ಅದಕ್ಕ ಕರಾ ಇಟ್ಟು ಬಂದೆ.”

ನಮ್ಮಲ್ಲಿ ನೆರೆಮನೆಯಿಂದ ಪಲ್ಯ ಬಂದ ಬಟ್ಟಲನ್ನು ಖಾಲಿ ಹಿಂತಿರುಗಿಸುವುದಿಲ್ಲ. ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನೂ ಹಾಗೇ ಬೆಳೆದವಳು. ಸರ್ವರಿನಲ್ಲಿ ತೆಗೆದುಕೊಂಡ ಮೇಲೂ ವಸ್ತು ಅಲ್ಲಿಯೇ ಉಳಿಯುತ್ತದೆ, ಬಟ್ಟಲು ಖಾಲಿಯಾಗುವುದೇ ಇಲ್ಲ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಅವರು ಕೇಳುತ್ತಿದ್ದರೆಂಬ ಭರವಸೆ ನನಗಿಲ್ಲ.

“ಅದಕ್ಕ ಕೌದಿ ಅಂತ ಯಾಕ ಹೆಸರಿಟ್ಟಿ?”

“ನಿಯಮ ನಿಮ್ಮದಲ್ರಿ! ಎಲ್ಲಾ ಫೋಟೋಕ್ಕೂ ಕೌದಿ-೧ ಅಂತ ಶುರು ಮಾಡ್ರಿ ಅಂದಿದ್ರಿ. ಮೊಬೈಲ್ ಸೈತ ಕೇಳ್ತು, ಇದ ಹೆಸರಿಂದು ಇನ್ನೊಂದು ಐತಿ, ಅದನ್ನ ತಗದು ಇದನ್ನ ಇಡಲೇನು ಅಂತ. ಅಕ್ಕಾರ ಮಾತು ಮೀರಬಾರದು ಅಂತ ಹೂಂ ಅಂದೆ.”

“ನಾನೂ ಹೂಂ ಅಂದೆ,” ಎಂದಳು ಶಿಗ್ಗಾಂವಿಯಿಂದ ಶಾಂತಕ್ಕ. “ಶೇಂಗಾ ಚಟ್ನಿ ನಂದು. ಬದ್ನಿಕಾಯಿನೂ ನಂದ.”

ಅಂದರೆ ಬಾಗಿಲು ತೆರೆದದ್ದು ನಾನು, ಒಂದೇ ಹೆಸರು ಕೊಟ್ಟದ್ದು ನಾನು, ಮೊಬೈಲಿನ ಪ್ರತಿಯನ್ನು ಅಳಿಸಿಸಿದ್ದೂ ನಾನು. ಇಷ್ಟೊಂದು ಅಚ್ಚುಕಟ್ಟಾಗಿ ಹಾಳು ಮಾಡಲು ಶಿಸ್ತಿಲ್ಲದವರಿಂದ ಸಾಧ್ಯವೇ ಇಲ್ಲ!

ಜೈತುನಬಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

“ಕೌದಿ ಒಂದೂ ಮನ್ಯಾಗ ಇಲ್ಲರಿ,” ಎಂದಳು. “ಅಂಗಡಿಯವರಿಗೆ ಕೊಟ್ಟಿದ್ದು ಹೋದ್ವು. ಕೆಂಪು ಸೆರಗಿಂದು ಬಂಕಾಪುರದಾಗ ಮಗಳ ಹತ್ರ ಐತಿ, ಕೂಸಿನ ಕೆಳಗ. ಇನ್ನೂ ಎರಡು ಅಲ್ಲೇ ಅದಾವ.”

“ನಾನು ಬಂಕಾಪುರಕ್ಕ ಬರ್ತೇನಿ. ನೀನೂ ಬಾ.”

“ಯಾಕ ತ್ರಾಸ್ ತಗೋತೀರಿ ಅಕ್ಕಾರ...” ಎಂದಳು. ಆ ಮಾತಿನಲ್ಲಿ ಮರ್ಯಾದೆ ಎಷ್ಟು, ಹೆದರಿಕೆ ಎಷ್ಟು ಎಂದು ನಾನು ಬಸ್ಸಿನುದ್ದಕ್ಕೂ ಯೋಚಿಸಿದೆ.

ಬಂಕಾಪುರದ ಮನೆಯಲ್ಲಿ ಕೂಸು ಕೆಂಪು ಸೆರಗಿನ ಮೇಲೆ ಗಾಢ ನಿದ್ದೆಯಲ್ಲಿತ್ತು. ಊರಿನ ಹಳೆಯ ಕೋಟೆಯ ಕಡೆಯಿಂದ ನವಿಲು ಕೂಗಿದರೂ ಅದು ಏಳಲಿಲ್ಲ. ನಾನು ಕೌದಿಯ ಅಂಚನ್ನು ಗೋಡೆಗೆ ಸಮಾಂತರವಾಗಿ ಎಳೆದೆ, ಎದ್ದಿತು. ಎದ್ದು, ಕಿರುಚಿ, ನಡುವಿನ ಸೆರಗನ್ನು ತೋಯಿಸಿತು.

“ಅಯ್ಯೋ, ಫೋಟೋ ಹೋತಲ್ಲ!” ಎಂದೆ.

“ಎಲ್ಲಿ ಹೋಗತೈತ್ರಿ? ಕೌದಿ ಇರೂದ ಅದಕ್ಕ,” ಎಂದು ಜೈತುನಬಿ ನಕ್ಕಳು. ಬೆಳಗಿನಿಂದ ಮೊದಲ ನಗು. “ನೀವು ಇಲ್ಲೇ ಕುಂದರ್ರಿ, ಅಕ್ಕಾರ. ಚಾ ಕುಡೀರಿ.”

ನನ್ನನ್ನು ಕೂರಿಸಿ, ಕೂಸನ್ನು ಮಗಳಿಗೆ ಕೊಟ್ಟು, ಕೌದಿಗಳನ್ನು ಅಂಗಳದ ಬಿಸಿಲಿಗೆ ಹರಡಿದಳು. ಒದ್ದೆಯಾದ ಭಾಗ ಒಳಗೆ ಬರುವಂತೆ ಒಂದು ಮಡಿಕೆ ಹಾಕಿದಳು. ಇಳಿಬಿಸಿಲಿಗೆ ಹೊಲಿಗೆಯ ಸಾಲುಗಳು ಬಿತ್ತಿದ ಹೊಲದ ಹಾಗೆ ಎದ್ದು ಕಂಡವು. ಕೂತು, ನಿಂತು, ಬಾಗಿ, ತನ್ನ ಮೊಬೈಲಿನಲ್ಲಿ ತಾನೇ ಫೋಟೋ ತೆಗೆದಳು. ನಾನು ಚಹಾ ಕುಡಿದೆ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತಾಗ ಮುಂದಿನ ಕಾರ್ಯಕ್ರಮ ವಿವರಿಸಿದೆ. “ಈಗ ಕೇಳು. ಮನಿಗೆ ಹೋದ ಕೂಡ್ಲೇ ಎಲ್ಲಾ ಬಾಗಿಲಾ ಏಳು-ಐದು-ಐದಕ್ಕ ತರ್ತೇನಿ. ಒಡತಿಗೆ ಪೂರಾ ಹಕ್ಕು, ಉಳದವರಿಗೆ ನೋಡೂ ಹಕ್ಕು ಅಷ್ಟ. ಆಮ್ಯಾಲ ಆ ಕರಾ, ಚಟ್ನಿ ಫೋಟೋ ಒಳಕೋಣಿಗೆ ಹಾಕಿ...”

“ಕಳಿಸಿದೆ ಅಕ್ಕಾರ.”

“ಏನ ಕಳಿಸಿದಿ?”

“ಫೋಟೋ. ಆ ಮೇಡಮ್ಮಾರ ಮೊಬೈಲಿಗೆ. ನೀವು ಚಾ ಕುಡಿಯೂ ಮುಂದ ಅವರ ನಂಬರ್ ಕೊಡ್ರಿ ಅಂತ ಕೇಳಿದ್ನಲ್ಲ, ನೀವು ಐದು ಯಾಕ, ಏಳು ಯಾಕ ಅಂತ ಹೇಳಕೋತ ಕೊಟ್ರಿ.” ತನ್ನ ಮೊಬೈಲನ್ನು ನನ್ನತ್ತ ಹಿಡಿದಳು. “ನೋಡ್ರಿ, ಮುಟ್ಟೇತಿ ಅಂತ ಉತ್ತರಾನೂ ಬಂತು. ಇದರ ಮ್ಯಾಲೆ ಕೂಸು ಮಲಗತೈತಿ ಅಂತ ಬರದಿದ್ದೆ, ಆ ಫೋಟೋ ಇದ್ರ ಅದನ್ನೂ ಕಳಸ್ರಿ ಅಂತಾರ.”

ಮಳಿಗೆ ಸಿಕ್ಕಿತು. ಮೇಳದ ದಿನ ಬಟ್ಟೆಯ ಬೋರ್ಡಿನ ಮೇಲೆ ಜೈತುನಬಿ, ಸವಣೂರು ಎಂದು ಅವಳೇ ದಾರದಲ್ಲಿ ಹೊಲಿದು ತಂದಿದ್ದಳು. ಅಕ್ಷರಗಳು ಚೂರು ಏರುಪೇರಾಗಿದ್ದವು. ಬೆರಳಿಟ್ಟು ತೋರಿಸಬೇಕೆಂದು ಕೈ ಎತ್ತಿದವಳು, ತಲೆ ಕೆರೆದುಕೊಂಡು ಸುಮ್ಮನಾದೆ.

ಸುಮ್ಮನಿರುವುದು ನನ್ನ ಪ್ರಕೃತಿಗೆ ವಿರುದ್ಧ. ಬಣ್ಣದ ಪ್ರಕಾರ ಕೌದಿಗಳನ್ನು ಜೋಡಿಸಿಕೊಡುವುದಾಗಿ ಮುಂದೆ ಬಂದೆ. ನಿಂಗವ್ವ ನನ್ನ ಕೈಯಿಂದ ಕೌದಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಶಾಂತಕ್ಕ ಒಂದು ಕುರ್ಚಿ ಎಳೆದು ತಂದಳು. ಅಷ್ಟರಲ್ಲಿ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳು ನನ್ನ ಗಂಭೀರ ಮುಖ ನೋಡಿ, “ಇವರು ಏನ ಮಾಡ್ತಾರ್ರಿ?” ಎಂದು ಕೇಳಿದಳು.

“ನಮ್ಮ ಹಾನಗಲ್ಲ ಅಕ್ಕಾರ್ರಿ,” ಎಂದಳು ಜೈತುನಬಿ, ತುಂಬು ಅಭಿಮಾನದಿಂದ. “ನಮಗಾಗಿ ಭಾಳ ಮಾಡ್ಯಾರ. ಅದಕ್ಕ ಇವತ್ತ ಅವರ ಕಡೆ ಏನೂ ಮಾಡಸೂದಿಲ್ಲ ಅಂತ ಎಲ್ಲಾರೂ ಕೂಡಿ ಠರಾವು ಮಾಡೇವಿ.”

ಬಹುಮತದ ನಿರ್ಣಯವನ್ನು ಗೌರವಿಸುವವಳು ನಾನು. ಬೆನ್ನು ನೇರವಾಗಿಟ್ಟು, ಕೈ ಕಟ್ಟಿಕೊಂಡು, ಮೇಳ ಮುಗಿಯುವವರೆಗೂ ಕುರ್ಚಿಯಲ್ಲಿ ಕುಳಿತಿದ್ದೆ. ಇಡೀ ಕಾರ್ಯದಲ್ಲಿ ನಾನು ದೋಷವಿಲ್ಲದೆ ಪೂರೈಸಿದ ಕೆಲಸ ಅದೊಂದೇ!